ಕಳಿಸದ ಮೆಸೇಜಿಗೆ ಬಂದ ಬಿಲ್ಲು

ವಿದೇಶ ಪ್ರವಾಸ ಮುಗಿಸಿ ಊರಿಗೆ ಮರಳಿದ ಕೆಲವು ದಿನಗಳಿಗೆ ಪೋಸ್ಟ್‌ಪೇಯ್ಡ್ ಬಿಲ್ ಬರುತ್ತದೆ. ಅದರ ಕೊನೆಯ ಪುಟಗಳಲ್ಲಿ, ಇಂಟರ್‌ನ್ಯಾಷನಲ್ ರೋಮಿಂಗ್ ಎಂಬ ತಲೆಬರಹದ ಕೆಳಗೆ, ಸಣ್ಣ ಅಕ್ಷರದ ಒಂದು ಸಾಲು. ತಾರೀಖು, ಗಂಟೆ, ಹೋಗಿದ್ದ ದೇಶದ ಮೊಬೈಲ್ ಕಂಪನಿಯ ಹೆಸರು, ‘ಎಸ್‌ಎಂಎಸ್ ಎಂಒ’ ಎಂಬ ಸಂಕೇತ, +44ರಿಂದ ಶುರುವಾಗುವ ಒಂದು ನಂಬರ್, ಅದರ ಎದುರಿಗೆ ಮೊತ್ತ. ಎಂಒ ಎಂದರೆ ಗ್ರಾಹಕರ ಫೋನಿನಿಂದ ಹೊರಟದ್ದು. +44 ಬ್ರಿಟನ್ನಿನ ಕೋಡ್. ಬಿಲ್ ಕೈಯಲ್ಲಿ ಹಿಡಿದವರು ಹೋಗಿ ಬಂದಿದ್ದು ಸಿಂಗಪುರಕ್ಕೆ. ಬ್ರಿಟನ್ನಿನಲ್ಲಿ ಅವರ ಪರಿಚಯದವರು ಯಾರೂ ಇಲ್ಲ. ಪ್ರವಾಸದುದ್ದಕ್ಕೂ ಮಾತುಕತೆಯೆಲ್ಲ ಹೋಟೆಲಿನ ವೈಫೈನಲ್ಲಿ, ವಾಟ್ಸ್‌ಆ್ಯಪ್‌ನಲ್ಲೇ ನಡೆದಿದೆ. ಫೋನು ತೆರೆದು ಕಳಿಸಿದ ಮೆಸೇಜುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಜಾಲಾಡಿದರೂ ಅಂಥದೊಂದು ಮೆಸೇಜು ಕಾಣುವುದಿಲ್ಲ.

ಆದರೂ ಬಿಲ್ಲು ಸುಳ್ಳು ಹೇಳುತ್ತಿಲ್ಲ. ಮೆಸೇಜು ಹೋಗಿದೆ. ಕಳಿಸಿದ್ದು ಫೋನು.

ಐಫೋನ್‌ನಲ್ಲಿ ಐಮೆಸೇಜ್ ಮತ್ತು ಫೇಸ್‌ಟೈಮ್ ಸೇವೆಗಳು ಶುರುವಾಗಬೇಕಾದರೆ ಈ ನಂಬರ್ ಇವರದೇ ಹೌದೇ ಎಂದು ಆ್ಯಪಲ್ ಕಂಪನಿಗೆ ಖಾತ್ರಿಯಾಗಬೇಕು. ಅದಕ್ಕಾಗಿ ಫೋನು ತಾನಾಗಿಯೇ ಒಂದು ಎಸ್‌ಎಂಎಸ್ ಕಳಿಸುತ್ತದೆ. ಹಲವು ದೇಶಗಳ ಗ್ರಾಹಕರ ಫೋನಿನಿಂದ ಅದು ಹೋಗುವುದು ಬ್ರಿಟನ್ನಿನ ನಂಬರಿಗೆ. ಪರದೆಯ ಮೇಲೆ ಅದರ ಸುಳಿವು ಸಿಗುವುದಿಲ್ಲ, ಕಳಿಸಿದ ಪಟ್ಟಿಯಲ್ಲೂ ದಾಖಲಾಗುವುದಿಲ್ಲ. ಈ ಮೆಸೇಜಿಗೆ ಮೊಬೈಲ್ ಕಂಪನಿ ಶುಲ್ಕ ಹಾಕಬಹುದು ಎಂದು ಆ್ಯಪಲ್ ತನ್ನ ಸಹಾಯ ಪುಟದಲ್ಲಿ ಹೇಳಿಕೊಂಡಿದೆ. ಸಿಮ್ ಬದಲಿಸಿದಾಗ, ಫೋನನ್ನು ರೀಸೆಟ್ ಮಾಡಿದಾಗ ಈ ಖಾತ್ರಿ ಮತ್ತೆ ನಡೆಯಬಹುದು. ವಿದೇಶಕ್ಕೆ ಹೋದವರು ವಿಮಾನ ನಿಲ್ದಾಣದಲ್ಲೇ ಸ್ಥಳೀಯ ಸಿಮ್ ಕೊಂಡು ಹಾಕಿಕೊಂಡು, ಬ್ಯಾಂಕಿನ ಓಟಿಪಿ ಬೇಕೆಂದಾಗ ಊರಿನ ಸಿಮ್ ಹಾಕಿ, ಮತ್ತೆ ತೆಗೆಯುವುದು ಸಾಮಾನ್ಯ. ಹಾಗೆ ಹಾಕಿ ತೆಗೆಯುವ ಹೊತ್ತಿನಲ್ಲೇ ಇಂಥ ಮೆಸೇಜು ಹೊರಟುಬಿಡುತ್ತದೆ.

ಆ್ಯಂಡ್ರಾಯ್ಡ್ ಇಟ್ಟುಕೊಂಡವರು ಇದರಿಂದ ಪಾರು ಎಂದುಕೊಳ್ಳುವ ಹಾಗಿಲ್ಲ. ಭಾರತದ ಯುಪಿಐ ಆ್ಯಪ್‌ಗಳು ಮತ್ತು ಅನೇಕ ಬ್ಯಾಂಕುಗಳ ಆ್ಯಪ್‌ಗಳು ನಡೆಯುವುದೇ ‘ಡಿವೈಸ್ ಬೈಂಡಿಂಗ್’ ಎಂಬ ಏರ್ಪಾಟಿನ ಮೇಲೆ. ಖಾತೆ, ಸಿಮ್, ಫೋನು ಮೂರೂ ಒಬ್ಬರದೇ ಎಂದು ತಿಳಿಯಲು ಆ್ಯಪ್ ಆ ಫೋನಿನಿಂದಲೇ ಅರ್ಥವಾಗದ ಅಕ್ಷರಗಳ ಒಂದು ಎಸ್‌ಎಂಎಸ್ ಹೊರಡಿಸುತ್ತದೆ. ಊರಿನಲ್ಲಿದ್ದಾಗ ಇದು ಗಮನಕ್ಕೇ ಬರುವುದಿಲ್ಲ. ಪ್ಲಾನಿನ ಉಚಿತ ಮೆಸೇಜುಗಳಲ್ಲೇ ಕಳೆದುಹೋಗುತ್ತದೆ, ಹೆಚ್ಚೆಂದರೆ ರೂಪಾಯಿ ಎರಡು ರೂಪಾಯಿ. ಹೊರದೇಶದಲ್ಲಿದ್ದಾಗ ಅದೇ ಮೆಸೇಜಿಗೆ ರೋಮಿಂಗ್ ದರ ಬೀಳುತ್ತದೆ. ಮೊದಲ ಸಲ ಆಗಲಿಲ್ಲವೆಂದು ‘ಮತ್ತೆ ಪ್ರಯತ್ನಿಸಿ’ ಒತ್ತಿದರೆ ಇನ್ನೊಂದು ಮೆಸೇಜು, ಮತ್ತೆ ಒತ್ತಿದರೆ ಮತ್ತೊಂದು. ಒಂದು ಪಾವತಿಯೂ ನಡೆಯದೆ ನಾಲ್ಕು ಮೆಸೇಜಿನ ದುಡ್ಡು ಹೋಗಬಹುದು.

ಇದರ ಬಿಸಿ ಹೆಚ್ಚು ತಟ್ಟುವುದು ಹಿರಿಯರಿಗೆ. ಮಗಳ ಬಾಣಂತನಕ್ಕೆಂದು, ಮೊಮ್ಮಗುವನ್ನು ನೋಡಿಕೊಳ್ಳಲೆಂದು ಬೆಂಗಳೂರಿನಿಂದ, ಮೈಸೂರಿನಿಂದ, ಮಂಗಳೂರಿನಿಂದ ಅಮೆರಿಕಕ್ಕೋ ದುಬೈಗೋ ಹೋಗಿ ತಿಂಗಳುಗಟ್ಟಲೆ ಇರುವ ತಂದೆ ತಾಯಂದಿರು ಊರಿನ ಸಿಮ್ಮನ್ನು ಬಿಡುವಂತಿಲ್ಲ. ಪಿಂಚಣಿ ಬರುವ ಖಾತೆ, ಆಧಾರ್, ಗ್ಯಾಸ್ ಬುಕಿಂಗ್, ಬ್ಯಾಂಕಿನ ಠೇವಣಿ ಎಲ್ಲವೂ ಆ ನಂಬರಿಗೇ ಅಂಟಿಕೊಂಡಿವೆ. ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೆಯ ಹಂತದ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದ್ದು 2009ರಲ್ಲಿ. ಅಲ್ಲಿಂದ ಓಟಿಪಿ ಎನ್ನುವುದು ಮನೆಯ ಬೀಗದ ಕೈಯಷ್ಟೇ ಅಗತ್ಯದ ವಸ್ತುವಾಯಿತು. ಭಾರತದ ಕಂಪನಿಗಳ ರೋಮಿಂಗ್‌ನಲ್ಲಿ ಒಳಗೆ ಬರುವ ಮೆಸೇಜು ಸಾಮಾನ್ಯವಾಗಿ ಉಚಿತ. ಹಾಗಾಗಿ ‘ಓಟಿಪಿಗಷ್ಟೇ ಇರಲಿ’ ಎಂದು ರೋಮಿಂಗ್ ಆನ್ ಮಾಡಿಟ್ಟುಕೊಳ್ಳುತ್ತಾರೆ. ಒಳಬರುವುದಕ್ಕೆಂದು ತೆರೆದ ಆ ಬಾಗಿಲಿನಿಂದ ಹೊರಹೋಗುವುದೂ ಸಾಧ್ಯ ಎಂಬುದನ್ನು ಅಂಗಡಿಯವರಾಗಲೀ ಕಾಲ್‌ಸೆಂಟರಿನವರಾಗಲೀ ಬಿಡಿಸಿ ಹೇಳುವುದಿಲ್ಲ.

ಎರಡು ಸಿಮ್ ಇರುವ ಫೋನಿನಲ್ಲಿ ಇನ್ನೊಂದು ತೊಡಕಿದೆ. ಡೇಟಾಕ್ಕೆ ಸ್ಥಳೀಯ ಸಿಮ್ ಆರಿಸಿಕೊಂಡಿರುತ್ತಾರೆ. ಎಸ್‌ಎಂಎಸ್‌ಗೆ ಯಾವ ಸಿಮ್ ಎಂಬ ಆಯ್ಕೆ ಬೇರೆಯೇ ಇರುತ್ತದೆ, ಅದು ಊರಿನ ಸಿಮ್ಮಿನ ಮೇಲೆ ಹಾಗೇ ಉಳಿದಿರುತ್ತದೆ. ಅಲ್ಲಿನ ಟ್ಯಾಕ್ಸಿಯವನಿಗೆ ಕಳಿಸಿದ ‘ಗೇಟಿನ ಹತ್ತಿರ ಇದ್ದೇವೆ’ ಎಂಬ ಮೆಸೇಜು ಭಾರತದ ನಂಬರಿನಿಂದ, ರೋಮಿಂಗ್ ದರದಲ್ಲಿ ಹೋಗುತ್ತದೆ. ಇಂಟರ್‌ನೆಟ್ ಸಿಗದಿದ್ದಾಗ ಚಾಟ್ ಮೆಸೇಜನ್ನು ತಾನಾಗಿ ಎಸ್‌ಎಂಎಸ್ ಮಾಡಿ ಕಳಿಸುವ ವ್ಯವಸ್ಥೆ ಐಫೋನಿನಲ್ಲೂ ಇದೆ, ಆ್ಯಂಡ್ರಾಯ್ಡ್‌ನ ಮೆಸೇಜ್ ಆ್ಯಪ್‌ನಲ್ಲೂ ಇದೆ. ಪರದೆಯ ಮೇಲೆ ಮೆಸೇಜಿನ ಗುಳ್ಳೆಯ ಬಣ್ಣ ಬದಲಾದದ್ದನ್ನು ಓಡಾಟದ ಗಡಿಬಿಡಿಯಲ್ಲಿ ಯಾರು ಗಮನಿಸುತ್ತಾರೆ?

ಒಂದು ಎಸ್‌ಎಂಎಸ್ ವಿದೇಶದಲ್ಲಿ ಹಿಡಿಯುವ ದಾರಿಯನ್ನು ನೋಡಿದರೆ ಬಿಲ್ಲು ಯಾಕೆ ಇಷ್ಟು ತಡವಾಗಿ, ಇಷ್ಟು ಮಬ್ಬಾಗಿ ಬರುತ್ತದೆ ಎಂಬುದು ಗೊತ್ತಾಗುತ್ತದೆ. ಪ್ಯಾರಿಸ್ಸಿನಲ್ಲಿ ನಿಂತು ಹುಬ್ಬಳ್ಳಿಯ ಸಿಮ್ಮಿನಿಂದ ಮೆಸೇಜು ಕಳಿಸಿದರೆ, ಅದನ್ನು ಮೊದಲು ಎತ್ತಿಕೊಳ್ಳುವುದು ಫ್ರಾನ್ಸಿನ ಕಂಪನಿಯ ಟವರ್. ಪಕ್ಕದ ಕೋಣೆಯಲ್ಲಿರುವವರಿಗೆ ಕಳಿಸಿದರೂ ಮೆಸೇಜು ಅಲ್ಲಿಂದ ನೇರವಾಗಿ ಅವರಿಗೆ ಹೋಗುವುದಿಲ್ಲ. ಭಾರತದಲ್ಲಿರುವ ಸ್ವಂತ ಕಂಪನಿಯ ಮೆಸೇಜ್ ಕೇಂದ್ರಕ್ಕೆ ಬಂದು, ಅಲ್ಲಿಂದ ಮತ್ತೆ ಹೊರಡುತ್ತದೆ. ಆ ಕೇಂದ್ರದ ನಂಬರ್ ಸಿಮ್ಮಿನಲ್ಲೇ ಬರೆದಿರುತ್ತದೆ. ತನ್ನ ಜಾಲ ಬಳಸಿದ್ದಕ್ಕೆ ಫ್ರೆಂಚ್ ಕಂಪನಿ ಒಂದು ಲೆಕ್ಕ ಬರೆದಿಟ್ಟುಕೊಂಡು, ಅಂಥ ಸಾವಿರಾರು ಲೆಕ್ಕಗಳನ್ನು ಒಂದು ಫೈಲಿನಲ್ಲಿ ಕಟ್ಟಿ ಭಾರತದ ಕಂಪನಿಗೆ ಕಳಿಸುತ್ತದೆ. ಈ ಫೈಲಿಗೆ ‘ಟ್ಯಾಪ್’ ಎಂದು ಹೆಸರು. ಅದರ ನಮೂನೆಯನ್ನು ನಿಗದಿ ಮಾಡುವುದು ಜಗತ್ತಿನ ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್‌ಎಂಎ. ಲೆಕ್ಕದ ಕರೆನ್ಸಿ ಸಾಮಾನ್ಯವಾಗಿ ರೂಪಾಯಿಯೂ ಆಗಿರುವುದಿಲ್ಲ, ಯೂರೋ ಕೂಡ ಆಗಿರುವುದಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್‌ಡಿಆರ್ ಎಂಬ ಮಾನದಲ್ಲಿ ಲೆಕ್ಕ ಹಾಕಿ ಆಮೇಲೆ ಪರಿವರ್ತಿಸುತ್ತಾರೆ. ಎರಡು ಕಂಪನಿಗಳ ನಡುವಿನ ಈ ಸಗಟು ದರ ಅವರವರ ಒಪ್ಪಂದದ ಗುಟ್ಟು. ಗ್ರಾಹಕರಿಗೆ ಕಾಣುವುದು ಅದರ ಮೇಲೆ ಸ್ವಂತ ಕಂಪನಿ ಇಟ್ಟ ಚಿಲ್ಲರೆ ದರ, ಜೊತೆಗೆ ತೆರಿಗೆ.

ಟ್ಯಾಪ್ ಫೈಲು ತಲುಪಲು ದಿನಗಳು ಹಿಡಿಯಬಹುದು. ಹೀಗಾಗಿ ಮೇ ತಿಂಗಳ ಕೊನೆಯ ಮೆಸೇಜು ಜೂನ್ ಬಿಲ್ಲಿನಲ್ಲಿ ಬಂದು ಗೊಂದಲ ಮಾಡುವುದುಂಟು. ದಾಖಲೆಯಲ್ಲಿ ಬರೆಯುವ ಗಂಟೆ ಆ ದೇಶದ ಗಂಟೆ, ಜೊತೆಗೆ ಪ್ರಮಾಣಿತ ಸಮಯದಿಂದ ಅದಕ್ಕಿರುವ ವ್ಯತ್ಯಾಸ. ಬಿಲ್ಲಿನಲ್ಲಿ ರಾತ್ರಿ ಎರಡು ಗಂಟೆ ಎಂದಿದ್ದರೆ ಅದು ಎಲ್ಲಿಯ ರಾತ್ರಿ ಎಂದು ಮೊದಲು ಕೇಳಿಕೊಳ್ಳಬೇಕು. ಹಾಗೆಂದು ಕಂಪನಿಗಳಿಗೆ ಬೇಗ ತಿಳಿಯುವ ದಾರಿಯೇ ಇಲ್ಲವೆನ್ನುವಂತಿಲ್ಲ. ರೋಮಿಂಗ್‌ನಲ್ಲಿ ನಡೆಯುವ ವಂಚನೆ ತಡೆಯಲು ಜಿಎಸ್‌ಎಂಎ 2008ರಲ್ಲೇ ಇನ್ನೊಂದು ವ್ಯವಸ್ಥೆ ತಂದಿತು. ಅದರ ಪ್ರಕಾರ ಬಳಕೆಯ ವಿವರ ನಾಲ್ಕು ಗಂಟೆಯೊಳಗೆ ಸ್ವಂತ ಕಂಪನಿಗೆ ತಲುಪಬೇಕು. ಕಂಪನಿಗೆ ನಷ್ಟವಾಗುವ ಭಯವಿದ್ದಾಗ ನಾಲ್ಕು ಗಂಟೆಯಲ್ಲಿ ಬರುವ ಸುದ್ದಿ, ಗ್ರಾಹಕರಿಗೆ ನಷ್ಟವಾಗುವಾಗ ಒಂದು ತಿಂಗಳು ಕಾಯಬೇಕಾದ ಕಾರಣವೇನು? ಈ ಇಡೀ ವಿಷಯದ ನಡುಬಿಂದು ಈ ಪ್ರಶ್ನೆ.

ಮೆಸೇಜು ಸಾಗಿಸಲು ನಿಜಕ್ಕೂ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕ ಹಾಕಿದವರಿದ್ದಾರೆ. ಎಸ್‌ಎಂಎಸ್ ಹುಟ್ಟಿದ್ದೇ ಮಿಕ್ಕ ಜಾಗದಲ್ಲಿ. ಫೋನು ಮತ್ತು ಟವರ್ ತಮ್ಮತಮ್ಮಲ್ಲಿ ಸದಾ ಸಂಕೇತಗಳನ್ನು ಕಳಿಸಿಕೊಳ್ಳುವ ನಿಯಂತ್ರಣ ವಾಹಿನಿಯಲ್ಲಿ ಬಿಡುವಿನ ಜಾಗವಿದೆ, ಅದರಲ್ಲಿ ಚಿಕ್ಕ ಪಠ್ಯ ತೂರಿಸಬಹುದು ಎಂದು ಯುರೋಪಿನ ಎಂಜಿನಿಯರುಗಳು ಕಂಡುಕೊಂಡರು. ಒಂದು ಮೆಸೇಜಿಗೆ ಸಿಕ್ಕ ಜಾಗ 140 ಬೈಟ್. ಅವರಲ್ಲೊಬ್ಬರಾದ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರಲ್ಲಿ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕುಳಿತು ತೋಚಿದ ವಾಕ್ಯಗಳನ್ನೆಲ್ಲ ಕುಟ್ಟಿ ಎಣಿಸಿದರು. ಬಹುಪಾಲು 160 ಅಕ್ಷರದೊಳಗೆ ಮುಗಿಯುತ್ತಿದ್ದವು. ಆ ಮಿತಿ ಹಾಗೇ ನಿಂತಿತು. 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರ್ ಬ್ರಿಟನ್ನಿನ ವೊಡಾಫೋನ್ ಜಾಲದಲ್ಲಿ ಮೊದಲ ಮೆಸೇಜು ಕಳಿಸಿದರು. ಅದರಲ್ಲಿದ್ದದ್ದು ಕ್ರಿಸ್‌ಮಸ್ ಶುಭಾಶಯ.

2008ರಲ್ಲಿ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಬಾಹ್ಯಾಕಾಶ ವಿಜ್ಞಾನಿ ನೈಜೆಲ್ ಬ್ಯಾನಿಸ್ಟರ್ ಒಂದು ಲೆಕ್ಕ ಮುಂದಿಟ್ಟರು. ಮೆಸೇಜಿಗೆ 5 ಪೆನ್ಸ್, ಪ್ರತಿ ಮೆಸೇಜಿಗೆ 140 ಬೈಟ್ ಎಂದರೆ ಒಂದು ಎಂಬಿ ಮಾಹಿತಿ ಕಳಿಸಲು 374.49 ಪೌಂಡ್ ಬೇಕು. ಹಬಲ್ ದೂರದರ್ಶಕದಿಂದ ಅಷ್ಟೇ ಮಾಹಿತಿಯನ್ನು ಭೂಮಿಗೆ ಇಳಿಸುವ ಖರ್ಚು 8.85 ಪೌಂಡ್. ನೆಲದ ಮೇಲಿನ ಉಳಿದ ಸಾಗಣೆಯನ್ನೆಲ್ಲ ಧಾರಾಳವಾಗಿ ಸೇರಿಸಿದರೂ ಅವರ ಅಂದಾಜು 85 ಪೌಂಡ್ ದಾಟಲಿಲ್ಲ. ಇದು ರೋಮಿಂಗ್ ದರವಲ್ಲ, ಊರಿನೊಳಗಿನ ಸಾಮಾನ್ಯ ದರ ಎಂಬುದನ್ನು ಮರೆಯಬಾರದು.

ಅದೇ ವರ್ಷ ಅಮೆರಿಕದಲ್ಲಿ ಸೆನೆಟರ್ ಹರ್ಬ್ ಕೋಲ್ ಅಲ್ಲಿನ ನಾಲ್ಕು ದೊಡ್ಡ ಕಂಪನಿಗಳಿಗೆ ಪತ್ರ ಬರೆದು, 2005ರಲ್ಲಿ 10 ಸೆಂಟ್ ಇದ್ದ ಮೆಸೇಜಿನ ದರ ಮೂರೇ ವರ್ಷದಲ್ಲಿ 20 ಸೆಂಟ್ ಆದದ್ದು ಹೇಗೆ ಎಂದು ಕೇಳಿದರು. 2009ರ ಜೂನ್‌ನಲ್ಲಿ ನಡೆದ ಸೆನೆಟ್ ವಿಚಾರಣೆಗೆ ಬಂದ ಸಾಕ್ಷಿಗಳಲ್ಲಿ ಒಬ್ಬರು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿದ್ದ, ದೆಹಲಿ ಐಐಟಿಯಲ್ಲಿ ಓದಿದ ಕಂಪ್ಯೂಟರ್ ವಿಜ್ಞಾನಿ ಶ್ರೀನಿವಾಸನ್ ಕೇಶವ್. ಒಂದು ಮೆಸೇಜು ಸಾಗಿಸಲು ಕಂಪನಿಗೆ ತಗಲುವ ವೆಚ್ಚ 0.3 ಸೆಂಟ್ ಮೀರುವುದು ಅಸಂಭವ ಎಂದು ಅವರು ವಿವರಿಸಿದರು. ಆ ಕಾಲದಲ್ಲಿ ಅಮೆರಿಕದಲ್ಲಿ ಮೆಸೇಜು ಕಳಿಸಿದವರು ಮಾತ್ರವಲ್ಲದೆ ಪಡೆದವರೂ ದುಡ್ಡು ತೆರುತ್ತಿದ್ದರು.

ಕನ್ನಡದಲ್ಲಿ ಬರೆಯುವವರಿಗೆ ಇದರೊಳಗೇ ಇನ್ನೊಂದು ಪೆಟ್ಟಿದೆ, ಅದರ ಬಗ್ಗೆ ಮಾತು ಕಡಿಮೆ. 160 ಅಕ್ಷರದ ಮಿತಿ ಅನ್ವಯಿಸುವುದು ಇಂಗ್ಲಿಷ್ ಮತ್ತು ಕೆಲವು ಯುರೋಪಿಯನ್ ಭಾಷೆಗಳ ಲಿಪಿಗೆ. ಕನ್ನಡ ಬಂದ ಕೂಡಲೇ ಮೆಸೇಜು ಯೂನಿಕೋಡ್‌ಗೆ ಹೊರಳುತ್ತದೆ, ಪ್ರತಿ ಚಿಹ್ನೆಗೂ ಎರಡು ಬೈಟ್ ಬೇಕಾಗುತ್ತದೆ, ಮಿತಿ 70ಕ್ಕೆ ಇಳಿಯುತ್ತದೆ. 70 ದಾಟಿದರೆ ಮೆಸೇಜು ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕಾದ್ದರಿಂದ ಪ್ರತಿ ತುಂಡಿಗೆ ಉಳಿಯುವುದು 67. ಓದುವವರ ಫೋನಿನಲ್ಲಿ ಒಂದೇ ಮೆಸೇಜಾಗಿ ಕಾಣುತ್ತದೆ, ಬಿಲ್ಲಿನಲ್ಲಿ ಪ್ರತಿ ತುಂಡಿಗೂ ಪೂರ್ತಿ ದರ.

ಅಷ್ಟೇ ಆಗಿದ್ದರೆ ಸರಿ. ಕನ್ನಡದ ಕಣ್ಣಿಗೆ ಒಂದು ಅಕ್ಷರವಾಗಿ ಕಾಣುವುದು ಯಂತ್ರದ ಎಣಿಕೆಯಲ್ಲಿ ಒಂದಲ್ಲ. ‘ಕ್ಷೇ’ ಎಂಬುದನ್ನು ಯಂತ್ರ ಕ, ಹಲಂತ ಚಿಹ್ನೆ, ಷ, ಏತ್ವದ ಚಿಹ್ನೆ ಎಂದು ನಾಲ್ಕಾಗಿ ಎಣಿಸುತ್ತದೆ. ‘ಕ್ಷೇಮವಾಗಿ ತಲುಪಿದೆವು’ ಎಂಬ ಎರಡು ಪದಗಳಲ್ಲಿ ನಮ್ಮ ಲೆಕ್ಕಕ್ಕೆ ಒಂಬತ್ತು ಅಕ್ಷರ. ನಡುವಿನ ಖಾಲಿ ಜಾಗವೂ ಸೇರಿ ಯಂತ್ರದ ಲೆಕ್ಕಕ್ಕೆ 19. ವಿಮಾನ ಇಳಿದು ಮನೆಗೆ ಕಳಿಸುವ ಸಾಮಾನ್ಯ ಮೆಸೇಜೊಂದನ್ನು ತೆಗೆದುಕೊಳ್ಳಿ: ‘ಅಮ್ಮಾ, ಕ್ಷೇಮವಾಗಿ ತಲುಪಿದೆವು. ಚಿಂತೆ ಮಾಡಬೇಡಿ, ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇವೆ.’ ಇದರ ಎಣಿಕೆ 73. ಮೂರೇ ಚಿಹ್ನೆ ಹೆಚ್ಚಾದ್ದಕ್ಕೆ ಇದು ಎರಡು ಮೆಸೇಜು. ಕೊನೆಯ ಪದವನ್ನು ‘ಮಾಡ್ತೀವಿ’ ಎಂದು ಬರೆದು ಕೊನೆಯ ಚುಕ್ಕಿ ಬಿಟ್ಟರೆ ಸರಿಯಾಗಿ 70, ಒಂದರಲ್ಲಿ ಮುಗಿಯುತ್ತದೆ. ಇದೇ ಮಾತು ಇಂಗ್ಲಿಷಿನಲ್ಲಿ 60ರ ಆಸುಪಾಸಿನಲ್ಲಿ ಮುಗಿದು, ಇನ್ನೂ ನೂರು ಅಕ್ಷರಕ್ಕೆ ಜಾಗ ಉಳಿಸುತ್ತದೆ.

ಇಂಗ್ಲಿಷಿನಲ್ಲಿ ಬರೆಯುವವರನ್ನೂ ಕೆಡವುವ ಗುಂಡಿ ಇದೇ ನಿಯಮದಲ್ಲಿದೆ. 160 ಅಕ್ಷರದ ಇಂಗ್ಲಿಷ್ ಮೆಸೇಜಿನ ಕೊನೆಗೆ ಒಂದು ನಗುಮುಖದ ಎಮೋಜಿ ಹಾಕಿದರೆ ಇಡೀ ಮೆಸೇಜು ಯೂನಿಕೋಡ್ ಆಗುತ್ತದೆ. ಎಮೋಜಿ ಸಾಮಾನ್ಯವಾಗಿ ಎರಡು ಸ್ಥಾನ ಹಿಡಿಯುತ್ತದೆ. ಒಟ್ಟು 162, ಅಂದರೆ ಮೂರು ತುಂಡು, ಮೂರು ಪಟ್ಟು ದರ. ಸೊಟ್ಟ ಉದ್ಧರಣ ಚಿಹ್ನೆಯೊಂದು ಸೇರಿಕೊಂಡರೂ ಇದೇ ಗತಿ.

ಇದಕ್ಕೆ ತಾಂತ್ರಿಕ ಪರಿಹಾರ ಇಲ್ಲದೆ ಇಲ್ಲ. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಸಂಸ್ಥೆಯ ಕಡತದಲ್ಲಿ ಕನ್ನಡಕ್ಕೂ ತೆಲುಗಿಗೂ ತಮಿಳಿಗೂ ಹಿಂದಿಗೂ ಬೇರೆಬೇರೆ ಅಕ್ಷರ ಕೋಷ್ಟಕಗಳಿವೆ. ಅವುಗಳನ್ನು ಬಳಸಿದರೆ ಕನ್ನಡದ ಚಿಹ್ನೆಯೂ ಇಂಗ್ಲಿಷಿನ ಅಕ್ಷರದಷ್ಟೇ ಜಾಗ ಹಿಡಿಯುತ್ತದೆ, ಮಿತಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಕೋಷ್ಟಕ ಕಾಗದದಲ್ಲಿದೆ, ಬಹುತೇಕ ಫೋನುಗಳು ಅದನ್ನು ಬಳಸುವುದಿಲ್ಲ. ಕನ್ನಡದಲ್ಲಿ ಬರೆದದ್ದಕ್ಕೆ ಹೆಚ್ಚು ದುಡ್ಡು ತೆರಬೇಕಾದ ಈ ಸ್ಥಿತಿ ನಿವಾರಣೆ ಆಗಬಹುದಾಗಿತ್ತು, ಆಗಲಿಲ್ಲ ಎಂಬುದು ನೋಯಿಸುವ ಸಂಗತಿ.

ಬಿಲ್ಲಿನ ಬರಸಿಡಿಲನ್ನು ತಡೆಯಲು ಜಗತ್ತಿನಲ್ಲಿ ನಡೆದ ಅತಿ ದೊಡ್ಡ ಪ್ರಯತ್ನ ಯುರೋಪಿನದು. ಒಂದೇ ದಿನದಲ್ಲಿ ಮೂರು ದೇಶ ದಾಟಬಹುದಾದ ಖಂಡದಲ್ಲಿ ಗಡಿ ದಾಟಿದಾಗಲೆಲ್ಲ ದರ ಜಿಗಿಯುತ್ತಿತ್ತು. 2004ರಿಂದ 2010ರವರೆಗೆ ಯುರೋಪಿಯನ್ ಕಮಿಷನ್‌ನಲ್ಲಿ ದೂರಸಂಪರ್ಕದ ಖಾತೆ ನೋಡಿಕೊಂಡವರು ಲಕ್ಸೆಂಬರ್ಗ್‌ನ ವಿವಿಯನ್ ರೆಡಿಂಗ್. ಕಂಪನಿಗಳು ತಾವಾಗಿ ದರ ಇಳಿಸಲಿ ಎಂದು ಕಾದು, ಇಳಿಸದಿದ್ದಾಗ ಕಾನೂನನ್ನೇ ತಂದರು. 2007ರಲ್ಲಿ ಕರೆಗಳಿಗೆ ಮಿತಿ ಬಂತು, ಗಡಿ ದಾಟಿದ ಕೂಡಲೇ ದರ ತಿಳಿಸುವ ಉಚಿತ ಮೆಸೇಜು ಕಡ್ಡಾಯವಾಯಿತು. ಎಸ್‌ಎಂಎಸ್ ಸರದಿ ಬಂದದ್ದು 2009ರ ಜುಲೈ 1ರಂದು. ಸರಾಸರಿ 28 ಸೆಂಟ್ ಇದ್ದ ರೋಮಿಂಗ್ ಮೆಸೇಜಿಗೆ, ತೆರಿಗೆ ಬಿಟ್ಟು, 11 ಸೆಂಟ್ ಮೇಲ್ಮಿತಿ ಬಿತ್ತು. ಕಂಪನಿಗಳು ತಮ್ಮೊಳಗೆ ವಸೂಲು ಮಾಡುವ ಸಗಟು ದರಕ್ಕೂ 4 ಸೆಂಟ್ ಮಿತಿ. 2014ರ ಹೊತ್ತಿಗೆ ಚಿಲ್ಲರೆ ಮಿತಿ 6 ಸೆಂಟಿಗೆ ಇಳಿಯಿತು. ಡೇಟಾ ಬಳಕೆ 50 ಯೂರೋ ತಲುಪಿದೊಡನೆ ತಾನಾಗಿ ನಿಲ್ಲಬೇಕೆಂಬ ನಿಯಮ 2010ರ ಜುಲೈನಿಂದ ಎಲ್ಲ ಗ್ರಾಹಕರಿಗೂ ಅನ್ವಯವಾಯಿತು.

ಕಂಪನಿಗಳು ಸುಮ್ಮನಿರಲಿಲ್ಲ. ವೊಡಾಫೋನ್ ಮತ್ತಿತರ ಕಂಪನಿಗಳು ಈ ಕಾನೂನು ಮಾಡುವ ಅಧಿಕಾರವೇ ಯುರೋಪಿಯನ್ ಒಕ್ಕೂಟಕ್ಕೆ ಇಲ್ಲವೆಂದು ಕೋರ್ಟಿಗೆ ಹೋದವು. 2010ರ ಜೂನ್ 8ರಂದು ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. 2017ರ ಜೂನ್ 15ರಿಂದ ಒಕ್ಕೂಟದೊಳಗೆ ಓಡಾಡುವವರಿಗೆ ಪ್ರತ್ಯೇಕ ರೋಮಿಂಗ್ ಶುಲ್ಕವೇ ಇಲ್ಲವಾಯಿತು. 2022ರಲ್ಲಿ ಆ ಕಾನೂನನ್ನು ಇನ್ನೂ ಹತ್ತು ವರ್ಷ ವಿಸ್ತರಿಸಿದರು.

ಅಲ್ಲೂ ಕಾಲು ಜಾರುವ ಜಾಗಗಳಿವೆ. ರೋಮಿಂಗ್ ಬೇರೆ, ಸ್ವಂತ ದೇಶದಲ್ಲಿ ಕುಳಿತು ಹೊರದೇಶಕ್ಕೆ ಕಳಿಸುವುದು ಬೇರೆ. ಜರ್ಮನಿಯ ಸಿಮ್ ಇರುವವರು ಇಟಲಿಗೆ ಹೋಗಿ ಅಲ್ಲಿಂದ ಫ್ರಾನ್ಸಿಗೆ ಮೆಸೇಜು ಕಳಿಸಿದರೆ ಅದು ರೋಮಿಂಗ್, ಹೆಚ್ಚುವರಿ ಶುಲ್ಕವಿಲ್ಲ. ಅದೇ ಮೆಸೇಜನ್ನು ಬರ್ಲಿನ್ನಿನ ಮನೆಯಿಂದ ಕಳಿಸಿದರೆ ಅದು ಅಂತರರಾಷ್ಟ್ರೀಯ ಮೆಸೇಜು, ಶುಲ್ಕ ಬೀಳುತ್ತದೆ. ಇದಕ್ಕೆ 6 ಸೆಂಟಿನ ಮಿತಿ ಬಂದದ್ದು 2019ರ ಮೇ 15ರಂದು. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಜಿನೀವಾದ ಪಕ್ಕದ ಫ್ರೆಂಚ್ ಹಳ್ಳಿಯಲ್ಲಿ ನಿಂತ ಫೋನು ಸ್ವಿಸ್ ಟವರನ್ನು ಹಿಡಿದರೆ ಒಕ್ಕೂಟದ ರಕ್ಷಣೆ ಸಿಗುವುದಿಲ್ಲ. ಐರೋಪ್ಯ ಪ್ರವಾಸಕ್ಕೆ ಹೋಗುವ ನಮ್ಮವರು ತಿಳಿಯಬೇಕಾದ ಇನ್ನೊಂದು ಅಂಶವೂ ಇದೆ. ಈ ಕಾನೂನು ಒಕ್ಕೂಟದ ಕಂಪನಿಗಳ ಗ್ರಾಹಕರಿಗೆ ಮಾತ್ರ. ಭಾರತದ ಸಿಮ್ ಹಿಡಿದು ರೋಮ್‌ನಲ್ಲಿ ಓಡಾಡುವವರಿಗೆ ಅದರಿಂದ ಪ್ರಯೋಜನವಿಲ್ಲ.

ಕಾನೂನು ಹಿಂದೆ ಸರಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಉದಾಹರಣೆ. ಬ್ರೆಕ್ಸಿಟ್ ನಂತರ, 2021ರ ಜನವರಿಯಿಂದ, ಒಕ್ಕೂಟದ ನಿಯಮ ಅಲ್ಲಿಗೆ ಅನ್ವಯಿಸಲಿಲ್ಲ. ದರ ಏರಿಸುವ ಯೋಚನೆ ಇಲ್ಲವೆಂದು ಕಂಪನಿಗಳು ಮೊದಲು ಹೇಳಿದವು. 2022ರಲ್ಲಿ ಇಇ, ವೊಡಾಫೋನ್, ತ್ರೀ ಕಂಪನಿಗಳು ಹೊಸ ಗ್ರಾಹಕರ ಮೇಲೆ ದಿನಕ್ಕೆ ಸುಮಾರು 2 ಪೌಂಡ್ ಶುಲ್ಕ ಮರಳಿ ತಂದವು. ಉತ್ತರ ಐರ್ಲೆಂಡಿನ ಗಡಿ ಊರುಗಳಲ್ಲಿ ಮನೆಯೊಳಗೆ ಕುಳಿತವರ ಫೋನು ಆಚೆ ದೇಶದ ಟವರ್ ಹಿಡಿದು ರೋಮಿಂಗ್ ಆಗುತ್ತಿತ್ತು. ಗ್ರಾಹಕರಿಗೆ ರೋಮಿಂಗ್ ಶುರುವಾದದ್ದನ್ನು ತಿಳಿಸಬೇಕು, ಹೀಗೆ ಅರಿವಿಲ್ಲದೆ ಸಿಕ್ಕಿಬೀಳದಂತೆ ನೆರವಾಗಬೇಕು ಎಂಬ ನಿಯಮವನ್ನು ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು.

ಅಮೆರಿಕ ದರವನ್ನು ಮುಟ್ಟದೆ, ತಿಳಿಸುವ ದಾರಿ ಹಿಡಿಯಿತು. ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2010ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮೊಬೈಲ್ ಬಳಸುವ ಆರು ಮಂದಿಯಲ್ಲಿ ಒಬ್ಬರು, ಅಂದರೆ ಸುಮಾರು 3 ಕೋಟಿ ಜನ, ಬಿಲ್ಲು ದಿಢೀರನೆ ಏರುವ ‘ಬಿಲ್ ಶಾಕ್’ ಅನುಭವಿಸಿದ್ದರು. ಮುಂದಿನ ವರ್ಷ ಕಂಪನಿಗಳ ಒಕ್ಕೂಟ ಕರೆ, ಡೇಟಾ, ಎಸ್‌ಎಂಎಸ್ ಮಿತಿ ಹತ್ತಿರವಾದಾಗ ಮತ್ತು ದಾಟಿದಾಗ ಉಚಿತ ಎಚ್ಚರಿಕೆ ಕಳಿಸಲು ಒಪ್ಪಿತು. ವಿದೇಶಕ್ಕೆ ಹೋದವರಿಗೂ ಎಚ್ಚರಿಕೆ ಹೋಗಬೇಕೆಂಬುದು ಅದರಲ್ಲಿ ಸೇರಿತ್ತು.

ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ದೇಶದೊಳಗಿನ ರೋಮಿಂಗ್ ವಿಷಯದಲ್ಲಿ ಗಟ್ಟಿಯಾಗಿ ನಿಂತದ್ದುಂಟು. 2015ರ ಮೇ 1ರಿಂದ ರೋಮಿಂಗ್‌ನಲ್ಲಿ ಸ್ಥಳೀಯ ಎಸ್‌ಎಂಎಸ್ ಮೇಲ್ಮಿತಿ 1 ರೂಪಾಯಿಯಿಂದ 25 ಪೈಸೆಗೆ, ಎಸ್‌ಟಿಡಿ ಎಸ್‌ಎಂಎಸ್ ಒಂದೂವರೆ ರೂಪಾಯಿಯಿಂದ 38 ಪೈಸೆಗೆ ಇಳಿಯಿತು. ಬೆಳಗಾವಿಯವರು ಕೊಲ್ಹಾಪುರಕ್ಕೆ ಹೋಗಿ ಬಂದರೆ ಬಿಲ್ಲಿನಲ್ಲಿ ಅದರ ಗುರುತೂ ಕಾಣದ ಕಾಲ ಬಂತು. ದೇಶದ ಗಡಿ ದಾಟಿದರೆ ಮಾತ್ರ ದರ ಕಂಪನಿಗೇ ಬಿಟ್ಟ ವಿಷಯ. ಪೋಸ್ಟ್‌ಪೇಯ್ಡ್ ಗ್ರಾಹಕರ ಬಳಕೆ ಅವರ ಕ್ರೆಡಿಟ್ ಮಿತಿಯ ಶೇ 80 ತಲುಪಿದಾಗ ತಿಳಿಸಬೇಕೆಂದು ಟ್ರಾಯ್ 2005ರಲ್ಲೇ ನಿರ್ದೇಶನ ಕೊಟ್ಟಿದೆ. ಲೆಕ್ಕವೇ ತಡವಾಗಿ ಬರುವ ರೋಮಿಂಗ್‌ನಲ್ಲಿ ಆ ಎಚ್ಚರಿಕೆಯೂ ತಡವಾಗುವ ಅಪಾಯವಿದೆ. 2020ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಕುರಿತ ಸಮಾಲೋಚನಾ ಪತ್ರ ಹೊರಡಿಸಿದಾಗ ಟ್ರಾಯ್ ಎತ್ತಿಕೊಂಡ ಮುಖ್ಯ ಪ್ರಶ್ನೆಗಳಲ್ಲಿ ಬಿಲ್ ಶಾಕ್ ಕೂಡ ಒಂದು.

ರೋಮಿಂಗ್ ಪ್ಯಾಕ್ ಹಾಕಿಸಿಕೊಂಡರೆ ನಿಶ್ಚಿಂತೆ ಎಂಬ ಮಾತು ಅರ್ಧ ನಿಜ. ಪ್ಯಾಕಿನ ಜಾಹೀರಾತಿನಲ್ಲಿ ಡೇಟಾ ಮತ್ತು ಕರೆಯ ಅಂಕಿ ದೊಡ್ಡದಾಗಿರುತ್ತದೆ. ಹೊರಹೋಗುವ ಎಸ್‌ಎಂಎಸ್ ಎಷ್ಟು, ಯಾವ ದೇಶಗಳಲ್ಲಿ, ಯಾವ ದೇಶದ ನಂಬರಿಗೆ ಎಂಬುದು ಕೆಳಗಿನ ಷರತ್ತುಗಳಲ್ಲಿರುತ್ತದೆ. ಹಡಗು ಮತ್ತು ವಿಮಾನದ ಜಾಲಗಳು ಸಾಮಾನ್ಯ ಪ್ಯಾಕಿಗೆ ಸೇರದಿರುವುದು ಹೆಚ್ಚು. ಸಮುದ್ರದ ನಡುವೆ ಫೋನಿಗೆ ಸಿಗ್ನಲ್ ಸಿಕ್ಕಿತೆಂದರೆ ಅದು ಉಪಗ್ರಹದ ಮೂಲಕ ನಡೆಯುವ ಹಡಗಿನದೇ ಜಾಲ. ಯುರೋಪಿನ ದರಮಿತಿ ಕೂಡ ಅದನ್ನು ಮುಟ್ಟುವುದಿಲ್ಲ. ಧನುಷ್ಕೋಡಿಯ ಮರಳಿನ ಮೇಲೆ ನಿಂತ ಯಾತ್ರಿಕರ ಫೋನಿಗೆ ಶ್ರೀಲಂಕಾದ ಸ್ವಾಗತ ಸಂದೇಶ ಬರುವುದೂ ಉಂಟು. ದೇಶ ಬಿಡದೆಯೇ ಪರದೇಶದ ಜಾಲ ಸೇರುವ ಇಂಥ ಜಾಗಗಳಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ‘ಆಟೊಮ್ಯಾಟಿಕ್’ನಿಂದ ತೆಗೆದು ಸ್ವಂತ ಕಂಪನಿಯನ್ನು ಕೈಯಾರೆ ಆರಿಸಿಕೊಳ್ಳುವುದು ಒಳ್ಳೆಯದು.

ಹೊರಡುವ ಮುನ್ನ ಮಾಡಿಕೊಳ್ಳಬಹುದಾದ ಕೆಲಸಗಳಿವೆ. ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳ ನೋಂದಣಿ, ಫೋನ್ ಬದಲಾವಣೆ ಎಲ್ಲವನ್ನೂ ಊರಿನಲ್ಲೇ ಮುಗಿಸಬೇಕು. ವಿದೇಶದಲ್ಲಿ ಭಾರತದ ಸಿಮ್ಮನ್ನು ಪದೇಪದೇ ತೆಗೆದು ಹಾಕುವ ಬದಲು ಅದನ್ನು ಹಾಗೇ ಬಿಟ್ಟು ಸ್ಥಳೀಯ ಸೇವೆಯನ್ನು ಇಸಿಮ್ ಆಗಿ ಅಥವಾ ಎರಡನೆಯ ಸಿಮ್ ಆಗಿ ಪಡೆಯಬಹುದು. ಐಫೋನಿನಲ್ಲಿ ‘ಪಠ್ಯ ಸಂದೇಶವಾಗಿ ಕಳಿಸು’ ಎಂಬ ಆಯ್ಕೆಯನ್ನು ಆಫ್ ಮಾಡಬಹುದು. ಅನಿವಾಸಿ ಭಾರತೀಯರಿಗೆ ಒಂದು ನೆಮ್ಮದಿ ಸಿಕ್ಕಿದ್ದು 2023ರ ಜನವರಿಯಲ್ಲಿ. ಸಿಂಗಪುರ, ಅಮೆರಿಕ, ಬ್ರಿಟನ್, ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ನಂಬರುಗಳನ್ನೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯ ಯುಪಿಐಗೆ ಜೋಡಿಸಲು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ದಾರಿ ಮಾಡಿಕೊಟ್ಟಿತು. ಪ್ರವಾಸಿ ವೀಸಾದಲ್ಲಿ ಹೋಗುವ ಅಪ್ಪ ಅಮ್ಮನಿಗೆ ಈ ಅನುಕೂಲ ಅನ್ವಯಿಸುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸುವ ಹೊಣೆ ಪ್ರಯಾಣಿಕರ ಮೇಲೇ ಬೀಳುವುದು ನ್ಯಾಯವಲ್ಲ. ಫೋನು ತಾನಾಗಿ ಮೆಸೇಜು ಕಳಿಸುವ ಮೊದಲು, ಈಗ ನೀವು ರೋಮಿಂಗ್‌ನಲ್ಲಿದ್ದೀರಿ, ಇದಕ್ಕೆ ಇಷ್ಟು ತಗಲುತ್ತದೆ ಎಂದು ಕೇಳುವುದು ಇಂದಿನ ತಂತ್ರಜ್ಞಾನಕ್ಕೆ ಕಷ್ಟದ ಕೆಲಸವಲ್ಲ. ಡೇಟಾಕ್ಕೆ ಬಂದ ಎಚ್ಚರಿಕೆ ಎಸ್‌ಎಂಎಸ್‌ಗೂ ಬರಬೇಕು. ಮೊದಲ ಮೆಸೇಜಿಗೆ ದುಡ್ಡು ಬಿದ್ದ ಕೂಡಲೇ ತಿಳಿದರೆ ಎರಡನೆಯದನ್ನು ಗ್ರಾಹಕರೇ ತಡೆದುಕೊಳ್ಳುತ್ತಾರೆ.

ಬಿಲ್ಲು ಬಂದೇಬಿಟ್ಟಿದ್ದರೆ ಮೊದಲ ಹೆಜ್ಜೆ ಕಂಪನಿಯ ದೂರು ಕೇಂದ್ರ. ಕರೆ ಮಾಡಿದವರು ಡಾಕೆಟ್ ನಂಬರ್ ಪಡೆಯದೆ ಫೋನ್ ಇಡಬಾರದು. ಬಿಲ್ಲಿನ ಪ್ರತಿ ಸಾಲಿನ ವಿವರ ಕೇಳಬೇಕು. ಪ್ರೀಪೇಯ್ಡ್ ಗ್ರಾಹಕರೂ 50 ರೂಪಾಯಿ ಮೀರದ ಶುಲ್ಕಕ್ಕೆ ಬಳಕೆಯ ವಿವರ ಪಡೆಯಬಹುದು. ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು, ಅವರು 39 ದಿನದಲ್ಲಿ ತೀರ್ಮಾನಿಸಬೇಕು. ಇಲ್ಲಿಗೆ ದಾರಿ ಮುಗಿಯಿತು ಎಂದು ಬಹಳ ವರ್ಷ ಜನ ನಂಬಿದ್ದರು. ದೂರವಾಣಿ ಬಿಲ್ ತಕರಾರಿಗೆ 1885ರ ಟೆಲಿಗ್ರಾಫ್ ಕಾಯ್ದೆಯಡಿ ಮಧ್ಯಸ್ಥಿಕೆಯೇ (ಆರ್ಬಿಟ್ರೇಷನ್) ಗತಿ, ಗ್ರಾಹಕ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂಬ 2009ರ ಸುಪ್ರೀಂ ಕೋರ್ಟ್ ತೀರ್ಪನ್ನು ಕಂಪನಿಗಳು ಮುಂದೊಡ್ಡುತ್ತಿದ್ದವು.

ಅಹಮದಾಬಾದಿನ ಒಬ್ಬ ಗ್ರಾಹಕರು ಅದನ್ನು ಒಪ್ಪಲಿಲ್ಲ. ತಿಂಗಳಿಗೆ ಸರಾಸರಿ 555 ರೂಪಾಯಿ ಇದ್ದ ಅವರ ಮೊಬೈಲ್ ಬಿಲ್ 2013ರ ನವೆಂಬರ್ 8ರಿಂದ ಡಿಸೆಂಬರ್ 7ರ ಅವಧಿಗೆ 24,609.51 ರೂಪಾಯಿ ಎಂದು ಬಂತು. ಜಿಲ್ಲಾ ಗ್ರಾಹಕ ವೇದಿಕೆಗೆ ದೂರು ಕೊಟ್ಟರು. ವೇದಿಕೆಗೆ ಈ ದೂರು ಕೇಳುವ ಅಧಿಕಾರವಿಲ್ಲವೆಂದು ಕಂಪನಿ ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. 2022ರ ಫೆಬ್ರುವರಿ 16ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ತ್ರಿಸದಸ್ಯ ಪೀಠ ಆ ವಾದವನ್ನು ತಳ್ಳಿಹಾಕಿ, ಗ್ರಾಹಕ ರಕ್ಷಣಾ ಕಾಯ್ದೆಯ ಪರಿಹಾರ ಬೇರೆ ಕಾನೂನಿನ ಪರಿಹಾರಗಳ ಜೊತೆಗೆ ಸಿಗುವ ಹಕ್ಕು ಎಂದಿತು. ಮೊಬೈಲ್ ಬಿಲ್ಲಿನ ತಕರಾರು ಈಗ ಗ್ರಾಹಕ ಆಯೋಗದ ಮುಂದೆ ನಿಲ್ಲುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ಎಲ್ಲೇ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ವಕೀಲರನ್ನು ಇಡಬೇಕೆಂಬ ಕಡ್ಡಾಯವಿಲ್ಲ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ.